ಕಣ್ಣುಳ್ಳ ಪರದೆ: ತಂತಿಗಳ ನಡುವಿನ ವಿದ್ಯುತ್ ಅಡಚಣೆ ತಗ್ಗಿಸುವ ಬಗೆ

ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು ತಾಲ್ಲೂಕಿನ ಕೆದಂಬಾಡಿ, ಅಡಿಕೆ ಮತ್ತು ರಬ್ಬರ್ ತೋಟಗಳ ಸೀಮೆಗೆ ಸೇರಿದ ಗ್ರಾಮ. ಇಂತಹ ಊರುಗಳಲ್ಲಿ ವರ್ಷವರ್ಷವೂ ಅಡಿಕೆ ಸುಲಿದ, ರಬ್ಬರ್ ಟ್ಯಾಪಿಂಗ್ ಮಾಡಿದ ಕೈಗಳ ಬೆರಳ ಗೆರೆಗಳು ಸವೆದಿರುತ್ತವೆ. ಬೆರಳ ಗುರುತನ್ನು ಪರದೆಯ ಮೇಲೆಯೇ ಓದುವ ಮೊಬೈಲ್ ಅಂತಹ ಕೈಗೆ ಸಿಕ್ಕಿದರೆ ಒಮ್ಮೆ ತೆರೆದುಕೊಳ್ಳುತ್ತದೆ, ಇನ್ನೊಮ್ಮೆ ‘ಮತ್ತೆ ಪ್ರಯತ್ನಿಸಿ’ ಎನ್ನುತ್ತದೆ. ತಪ್ಪೆಲ್ಲ ಬೆರಳಿನದೇ ಎಂದು ಭಾವಿಸುವುದು ಸಹಜ. ಆದರೆ ಅದು ಅರ್ಧ ಸತ್ಯ ಮಾತ್ರ.

ಸವೆದ ಬೆರಳಿನಿಂದ ಸಂವೇದಕಕ್ಕೆ, ಅಂದರೆ ಸೆನ್ಸರ್‌ಗೆ, ತಲುಪುವ ಸಂಕೇತ ದುರ್ಬಲವಾಗಿರುತ್ತದೆ. ದುರ್ಬಲ ಸಂಕೇತವನ್ನು ಕೆಡಿಸಲು ಸಣ್ಣ ಅಡಚಣೆಯೂ ಸಾಕು. ಆ ಅಡಚಣೆ ಬಹುಮಟ್ಟಿಗೆ ಹುಟ್ಟುವುದು ಸಾಧನದ ಒಳಗೇ. ಚಿತ್ರವನ್ನು ಮೂಡಿಸುವ ತಂತಿಗಳೂ ಬೆಳಕನ್ನು ಅಳೆದು ತರುವ ತಂತಿಗಳೂ ಕೂದಲೆಳೆಯಷ್ಟು ಅಂತರದಲ್ಲಿ ಒತ್ತೊತ್ತಾಗಿ ಸಾಗುವಾಗ ಒಂದರ ಏರಿಳಿತ ಇನ್ನೊಂದಕ್ಕೆ ತಾಗುತ್ತದೆ. ಎಂಜಿನಿಯರುಗಳು ಇದನ್ನು ‘ಕ್ರಾಸ್‌ಟಾಕ್’ ಎನ್ನುತ್ತಾರೆ. ದೂರವಾಣಿಯಲ್ಲಿ ಬೇರೆಯವರ ಮಾತು ನಡುವೆ ನುಸುಳುತ್ತಿದ್ದ ಕಾಲದಿಂದ ಬಂದ ಪದವಿದು.

ಬ್ಯಾಂಕಿನ ಖಾತೆ ತೆರೆಯುವ ಕೀಲಿಯೇ ಬೆರಳಾಗಿರುವ ಈ ದಿನಗಳಲ್ಲಿ, ಬೆಳಕನ್ನು ಅಳೆಯುವ ಪರದೆ ಎಷ್ಟು ನಂಬಿಕೆಗೆ ಅರ್ಹ ಎಂಬುದು ಸಾಮಾನ್ಯ ಬಳಕೆದಾರನಿಗೂ ಸಂಬಂಧಿಸಿದ ಪ್ರಶ್ನೆ.

ಪರದೆಗೆ ಕಣ್ಣು ಬಂದ ಕಥೆ

ಬೆಳಕಿನ ಸಂವೇದಕವುಳ್ಳ ಪರದೆಗಳನ್ನು ಸ್ಥೂಲವಾಗಿ ಮೂರು ವಿಧವಾಗಿ ವಿಂಗಡಿಸಬಹುದು.

ಮೊದಲನೆಯದು, ಪರದೆಯ ಅಂಚಿನಲ್ಲಿ ಸಂವೇದಕ ಇರುವಂಥದ್ದು. ಸುತ್ತಲಿನ ಬೆಳಕಿಗೆ ತಕ್ಕಂತೆ ಹೊಳಪನ್ನು ಹೆಚ್ಚು ಕಡಿಮೆ ಮಾಡುವ ಟಿ.ವಿ., ಲ್ಯಾಪ್‌ಟಾಪ್ ಮತ್ತು ಮೊಬೈಲ್‌ಗಳು ಈ ಗುಂಪಿಗೆ ಸೇರುತ್ತವೆ. ಆಸ್ಪತ್ರೆಗಳಲ್ಲಿ ಎಕ್ಸ್-ರೇ ಚಿತ್ರ ನೋಡಲು ಬಳಸುವ ವಿಶೇಷ ಮಾನಿಟರುಗಳಲ್ಲಿ ಪರದೆಯ ಹೊಳಪನ್ನೇ ಅಳೆದು ತಿದ್ದಿಕೊಳ್ಳುವ ಸಂವೇದಕವಿರುವುದುಂಟು. ಅಲ್ಲಿ ಅಳತೆ ತಪ್ಪಿದರೆ ಬೂದು ಬಣ್ಣದ ಸೂಕ್ಷ್ಮ ಛಾಯೆಗಳು ವೈದ್ಯರ ಕಣ್ಣಿಗೆ ಸರಿಯಾಗಿ ಕಾಣದೆ ಹೋಗಬಹುದು.

ಎರಡನೆಯದು, ಪರದೆಯ ಕೆಳಗೆ ಪ್ರತ್ಯೇಕ ಚಿಪ್ ಇರುವಂಥದ್ದು. ಸ್ವಯಂ ಬೆಳಗುವ ಓಎಲ್‌ಇಡಿ ಚುಕ್ಕಿಗಳ ಸಂದಿಯಿಂದ ಇಳಿದು ಬಂದ ಬೆಳಕನ್ನು ಈ ಚಿಪ್ ಓದುತ್ತದೆ. 2018ರ ಜನವರಿಯಲ್ಲಿ ಬಂದ ವಿವೋ ಎಕ್ಸ್20 ಪ್ಲಸ್ ಯುಡಿ ಈ ಬಗೆಯ ಬೆರಳ ಗುರುತಿನ ಓದುಗವನ್ನು ಮಾರುಕಟ್ಟೆಗೆ ತಂದ ಮೊದಲ ಫೋನ್. ಎಲ್ಲ ಫೋನ್‌ಗಳೂ ಈ ವಿಧಾನವನ್ನು ಅನುಸರಿಸುವುದಿಲ್ಲ. ಕೆಲವು ಶಬ್ದಾತೀತ ಅಲೆಗಳಿಂದ ಬೆರಳನ್ನು ಓದುತ್ತವೆ. ಬದಿಯ ಗುಂಡಿಯಲ್ಲಿ ಓದುಗವಿರುವ ಫೋನ್‌ಗಳು ಬೆಳಕಿನ ಬದಲು ವಿದ್ಯುತ್ ಧಾರಕತೆಯನ್ನು ಅಳೆಯುತ್ತವೆ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆರಳು ಒತ್ತಿಸಿಕೊಳ್ಳುವ ಯಂತ್ರವೂ ಬೇರೆಯದೇ ಸಾಧನ.

ಮೂರನೆಯದು ಅತ್ಯಂತ ಜಟಿಲ. ಇಲ್ಲಿ ಸಂವೇದಕ ಪರದೆಯ ಚುಕ್ಕಿಗಳ ನಡುವೆಯೇ, ಅದೇ ಗಾಜಿನ ಮೇಲೆ ಬೆಸೆದುಕೊಂಡಿರುತ್ತದೆ. ಜಪಾನಿನ ಶಾರ್ಪ್ ಕಂಪನಿ 2007ರಲ್ಲಿ ಇಂತಹ ಎಲ್‌ಸಿಡಿ ಪರದೆಯನ್ನು ಪ್ರಕಟಿಸಿತು. 2009ರಲ್ಲಿ ತನ್ನ ಮೆಬಿಯಸ್ ನೋಟ್‌ಬುಕ್ ಕಂಪ್ಯೂಟರಿನ ಟಚ್‌ಪ್ಯಾಡ್ ಜಾಗದಲ್ಲಿ ಅದನ್ನು ಅಳವಡಿಸಿತು. ಮೈಕ್ರೊಸಾಫ್ಟ್ ಮತ್ತು ಸ್ಯಾಮ್‌ಸಂಗ್ 2011ರಲ್ಲಿ ಪರಿಚಯಿಸಿದ 40 ಇಂಚಿನ ಎಸ್‌ಯುಆರ್40 ಮೇಜುಪರದೆ, ಚುಕ್ಕಿಗಳ ನಡುವಿನ ಸಂವೇದಕಗಳಿಂದಲೇ ತನ್ನ ಮೇಲಿಟ್ಟ ವಸ್ತುಗಳನ್ನು ಗುರುತಿಸುತ್ತಿತ್ತು. ತಂತಿಗಳ ನಡುವಿನ ಅಡಚಣೆ ಅತಿ ಹೆಚ್ಚು ಕಾಡುವುದು ಈ ಮೂರನೆಯ ವಿಧದಲ್ಲಿ.

ಪರದೆ ವಿಜ್ಞಾನಕ್ಕೆ ಕರ್ನಾಟಕದ ಕೊಡುಗೆಯೂ ಉಂಟು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಅವರು 1977ರಲ್ಲಿ ತಟ್ಟೆಯಾಕಾರದ ಅಣುಗಳ ದ್ರವಸ್ಫಟಿಕವನ್ನು ಕಂಡುಹಿಡಿದರು. ಆ ಬಗೆಯ ವಸ್ತುಗಳು ಮುಂದೆ, ಎಲ್‌ಸಿಡಿ ಪರದೆಯನ್ನು ಓರೆಯಿಂದ ನೋಡಿದರೂ ಚಿತ್ರ ಮಾಸದಂತೆ ಮಾಡುವ ತೆಳು ಹಾಳೆಗಳಲ್ಲಿ ಬಳಕೆಗೆ ಬಂದವು. ಚಂದ್ರಶೇಖರ್ ಅವರು 1991ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ದ್ರವಸ್ಫಟಿಕ ಸಂಶೋಧನಾ ಕೇಂದ್ರ ಇಂದು ನ್ಯಾನೊ ಮತ್ತು ಮೃದುವಸ್ತು ವಿಜ್ಞಾನಗಳ ಕೇಂದ್ರವಾಗಿ ಮುಂದುವರಿದಿದೆ. ದ್ರವಸ್ಫಟಿಕ ಬೆಳಕನ್ನು ತಡೆಯುವ ಬಾಗಿಲಾದರೆ, ಆ ಬಾಗಿಲನ್ನು ಆಡಿಸುವುದು ತಂತಿಜಾಲ. ಸಮಸ್ಯೆ ಇರುವುದು ಈ ಜಾಲದಲ್ಲಿ.

ಗಾಜಿನ ಮೇಲಿನ ತಂತಿಜಾಲ

ಪರದೆಯ ಒಳಗೆ ಅಡ್ಡ ತಂತಿಗಳೂ ಉದ್ದ ತಂತಿಗಳೂ ಚಾಪೆಯ ಹೆಣಿಗೆಯಂತೆ ಹಾಸಿರುತ್ತವೆ. ಅಡ್ಡ ತಂತಿ ಒಂದು ಸಾಲಿನ ಟ್ರಾನ್ಸಿಸ್ಟರುಗಳನ್ನೆಲ್ಲ ಏಕಕಾಲಕ್ಕೆ ತೆರೆಯುತ್ತದೆ. ಉದ್ದ ತಂತಿಗಳು ಆ ಸಾಲಿನ ಪ್ರತಿಯೊಂದು ಚುಕ್ಕಿಗೂ ಎಷ್ಟು ಹೊಳೆಯಬೇಕೆಂಬ ವೋಲ್ಟೇಜನ್ನು ತಲುಪಿಸುತ್ತವೆ. ನಂತರ ಮುಂದಿನ ಸಾಲಿನ ಸರದಿ.

ಸೆಕೆಂಡಿಗೆ 60 ಬಾರಿ ಚಿತ್ರ ಬದಲಿಸುವ, 1080 ಸಾಲುಗಳ ಪರದೆಯಲ್ಲಿ ಒಂದು ಸಾಲಿಗೆ ಸಿಗುವ ಕಾಲ ಸುಮಾರು 15 ಮೈಕ್ರೊಸೆಕೆಂಡು. 2400 ಸಾಲುಗಳ ಮೊಬೈಲ್ ಪರದೆ ಸೆಕೆಂಡಿಗೆ 120 ಬಾರಿ ಬದಲಾಗುವುದಾದರೆ ಈ ಕಾಲ ಮೂರೂವರೆ ಮೈಕ್ರೊಸೆಕೆಂಡಿಗೆ ಇಳಿಯುತ್ತದೆ. ಅಷ್ಟರೊಳಗೆ ಉದ್ದ ತಂತಿ ಹಲವು ವೋಲ್ಟುಗಳಷ್ಟು ಏರಬೇಕು ಅಥವಾ ಇಳಿಯಬೇಕು.

ಇಂಚಿಗೆ 400 ಚುಕ್ಕಿಗಳಿರುವ ಪರದೆಯಲ್ಲಿ ಒಂದು ಚುಕ್ಕಿಯ ಅಗಲ ಸುಮಾರು 63 ಮೈಕ್ರಾನ್, ಅಂದರೆ ಒಂದು ತಲೆಗೂದಲಿನ ದಪ್ಪ. ಕೆಂಪು, ಹಸಿರು, ನೀಲಿ ಬಣ್ಣಗಳ ಮೂರು ಉದ್ದ ತಂತಿಗಳು ಸಾಮಾನ್ಯವಾಗಿ ಇಷ್ಟೇ ಜಾಗದಲ್ಲಿ ಹಾದುಹೋಗಬೇಕು. ಸಂವೇದಕವನ್ನೂ ಅಲ್ಲಿಯೇ ಕೂರಿಸಿದರೆ ಅದಕ್ಕೆ ವಿದ್ಯುತ್ ಕೊಡುವ ತಂತಿ, ಸರದಿ ತಿಳಿಸುವ ತಂತಿ, ಅಳತೆಯನ್ನು ಹೊರಗೆ ಒಯ್ಯುವ ತಂತಿ ಇವೆಲ್ಲ ಹೆಚ್ಚುವರಿ.

ಅಡಚಣೆ ಹುಟ್ಟುವುದು ಹೇಗೆ?

ನಡುವೆ ಅವಾಹಕ ಪದರವಿರುವ ಯಾವುದೇ ಎರಡು ತಂತಿಗಳು ಸೇರಿ ಒಂದು ಪುಟ್ಟ ಕೆಪಾಸಿಟರ್ ಆಗುತ್ತವೆ. ಒಂದು ತಂತಿಯ ವೋಲ್ಟೇಜ್ ಬದಲಾದರೆ ಇನ್ನೊಂದರ ಮೇಲೆ ವಿದ್ಯುದಾವೇಶ ಸರಿದಾಡುತ್ತದೆ. ಅದರ ಪ್ರಮಾಣ, ಧಾರಕತೆಯನ್ನು ವೋಲ್ಟೇಜಿನ ಬದಲಾವಣೆಯಿಂದ ಗುಣಿಸಿದಷ್ಟು.

ಒಂದು ಉದಾಹರಣೆಯ ಲೆಕ್ಕ ನೋಡಬಹುದು. ಬೆಳಕು ಬಿದ್ದ ಸಂವೇದಕದಿಂದ 1 ಪಿಕೊ ಆಂಪಿಯರ್, ಅಂದರೆ ಆಂಪಿಯರಿನ ಲಕ್ಷ ಕೋಟಿಯಲ್ಲಿ ಒಂದು ಪಾಲು, ಪ್ರವಾಹ ಹುಟ್ಟುತ್ತದೆ ಎಂದಿಟ್ಟುಕೊಳ್ಳೋಣ. 10 ಮಿಲಿಸೆಕೆಂಡು ಕೂಡಿಹಾಕಿದರೆ ದೊರೆಯುವ ಆವೇಶ 10 ಫೆಮ್ಟೊಕೂಲಂ. ಪಕ್ಕದ ಚಿತ್ರತಂತಿಯೊಂದಿಗೆ ಸಂವೇದಕಕ್ಕಿರುವ ಧಾರಕತೆ ಕೇವಲ 1 ಫೆಮ್ಟೊಫ್ಯಾರಡ್ ಇದ್ದು, ಆ ತಂತಿ 5 ವೋಲ್ಟಿನಷ್ಟು ಜಿಗಿದರೆ ನುಗ್ಗುವ ಆವೇಶ 5 ಫೆಮ್ಟೊಕೂಲಂ. ಅಂದರೆ ಅಳೆಯಬೇಕಾದ ಸಂಕೇತದ ಅರ್ಧದಷ್ಟು!

ಬೆರಳ ಗೆರೆಯ ಉಬ್ಬಿಗೂ ತಗ್ಗಿಗೂ ನಡುವಣ ಬೆಳಕಿನ ವ್ಯತ್ಯಾಸ ಒಟ್ಟು ಬೆಳಕಿನ ಹತ್ತನೆಯ ಒಂದು ಭಾಗವಿದ್ದರೆ, ಗುರುತಿಸಬೇಕಾದದ್ದು 1 ಫೆಮ್ಟೊಕೂಲಂ ಮಾತ್ರ. ಅಡಚಣೆ ಅದರ ಐದು ಪಟ್ಟು. ಗೆರೆ ಸವೆದ ಬೆರಳಿನಲ್ಲಿ ಈ ವ್ಯತ್ಯಾಸ ಇನ್ನೂ ಕಡಿಮೆ.

ಅಡಚಣೆ ಸದಾ ಒಂದೇ ಸಮನಾಗಿದ್ದರೆ ಅದನ್ನು ಕಳೆದುಬಿಡುವುದು ಸುಲಭವಿತ್ತು. ಆದರೆ ಉದ್ದ ತಂತಿಯ ವೋಲ್ಟೇಜ್ ಪರದೆಯ ಚಿತ್ರವನ್ನು ಅವಲಂಬಿಸಿರುತ್ತದೆ. ಚಿತ್ರ ಬದಲಾದಂತೆ ಅಡಚಣೆಯೂ ಬದಲಾಗುತ್ತದೆ. ಪರದೆ ತೋರಿಸುತ್ತಿರುವ ಚಿತ್ರವೇ, ಪರದೆ ನೋಡುತ್ತಿರುವ ಚಿತ್ರದೊಳಗೆ ನುಸುಳುತ್ತದೆ ಎಂಬುದು ಸಮಸ್ಯೆಯ ತಿರುಳು.

ಇದನ್ನು ಪತ್ತೆಹಚ್ಚುವ ಪರೀಕ್ಷೆ ಸರಳ. ಪರದೆಯ ಬೆಳಕೂ ಹೊರಗಿನ ಬೆಳಕೂ ಸಂವೇದಕಗಳಿಗೆ ತಾಗದಂತೆ ಮಾಡಿ ಪರದೆಯಲ್ಲಿ ಕಪ್ಪು-ಬಿಳುಪು ಚೌಕುಳಿ ವಿನ್ಯಾಸ ಮೂಡಿಸಲಾಗುತ್ತದೆ. ಸಂವೇದಕಗಳು ತಂದ ಚಿತ್ರದಲ್ಲಿಯೂ ಚೌಕುಳಿ ಕಾಣಿಸಿಕೊಂಡರೆ ಅದು ತಂತಿಗಳ ಮೂಲಕವೇ ಬಂದದ್ದು.

ದೂರವಾಣಿ ಕಲಿಸಿದ ಪಾಠ

ಈ ತೊಂದರೆ ಹೊಸದೇನಲ್ಲ. ರೇಡಿಯೊ ಪಕ್ಕದಲ್ಲಿ ಮೊಬೈಲ್ ಇಟ್ಟಾಗ, ಕರೆ ಬರುವ ಮುನ್ನವೇ ‘ಟಕ್ ಟಕ್ ಟರ್’ ಎಂಬ ಸದ್ದು ಕೇಳಿಸುತ್ತಿದ್ದುದು ಹಲವರಿಗೆ ನೆನಪಿರಬಹುದು. ವಿದ್ಯುತ್ ಮಾರ್ಗದ ಪಕ್ಕದಲ್ಲೇ ಸಾಗುವ ದೂರವಾಣಿ ತಂತಿಯಲ್ಲಿ ಗುಂಯ್‌ಗುಡುವ ಸದ್ದೂ ಅದೇ ಜಾತಿಯದು.

ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲಿಯೇ ಇದಕ್ಕೊಂದು ಉಪಾಯ ಸೂಚಿಸಿದ್ದರು. ಎರಡು ತಂತಿಗಳನ್ನು ಹುರಿಯಂತೆ ಹೊಸೆದರೆ ಹೊರಗಿನ ಅಡಚಣೆ ಎರಡಕ್ಕೂ ಸಮನಾಗಿ ತಾಗುತ್ತದೆ. ಒಂದರಿಂದ ಇನ್ನೊಂದನ್ನು ಕಳೆದಾಗ ಅಡಚಣೆ ಅಳಿದು ಮಾತು ಮಾತ್ರ ಉಳಿಯುತ್ತದೆ. ಇಂದಿಗೂ ದೂರವಾಣಿ ಮತ್ತು ಕಂಪ್ಯೂಟರ್ ಜಾಲದ ಕೇಬಲ್ಲುಗಳಲ್ಲಿ ಜೋಡಿ ತಂತಿಗಳು ಹೊಸೆದೇ ಇರುತ್ತವೆ. ಗಾಜಿನ ಮೇಲೆ ಅಚ್ಚಾದ ತಂತಿಯನ್ನು ಹೊಸೆಯಲಾಗದು. ಆದರೆ ದೂರವಿಡು, ಅಡ್ಡಗೋಡೆ ಕಟ್ಟು, ಸಮಯ ನೋಡಿ ಕೇಳು, ಸಮನಾದುದನ್ನು ಕಳೆ ಎಂಬ ನಾಲ್ಕು ಸೂತ್ರಗಳು ಪರದೆಗೂ ಅನ್ವಯಿಸುತ್ತವೆ.

ಮೊದಲ ಉಪಾಯ: ಅಂತರ

ಅಳತೆ ಒಯ್ಯುವ ತಂತಿಯನ್ನು ಚಿತ್ರತಂತಿಯಿಂದ ಆದಷ್ಟು ದೂರವಿಡುವುದು ಮೊದಲ ಕ್ರಮ. ಪ್ರತಿ ಚುಕ್ಕಿಗೂ ಸಂವೇದಕ ಇಡದೆ ಹಲವು ಚುಕ್ಕಿಗಳಿಗೆ ಒಂದರಂತೆ ಇಟ್ಟರೆ ಜಾಗ ಸಿಗುತ್ತದೆ. ತಂತಿಗಳು ಒಂದನ್ನೊಂದು ದಾಟುವುದು ಅನಿವಾರ್ಯವಾದ ಕಡೆ ಅವುಗಳ ಅಗಲವನ್ನು ಕಿರಿದಾಗಿಸಲಾಗುತ್ತದೆ.

ಇದಕ್ಕಿಂತ ಪರಿಣಾಮಕಾರಿಯಾದುದು ಮೇಲಿನ ಮತ್ತು ಕೆಳಗಿನ ತಂತಿಗಳ ನಡುವಣ ಪದರವನ್ನು ಬದಲಿಸುವುದು. ಸಾಮಾನ್ಯವಾಗಿ ಬಳಸುವ ಸಿಲಿಕಾನ್ ನೈಟ್ರೈಡ್‌ನ ಅವಾಹಕ ಸ್ಥಿರಾಂಕ ಸುಮಾರು 7. ಅದರ 0.3 ಮೈಕ್ರಾನ್ ಪದರದ ಬದಲು, ಸ್ಥಿರಾಂಕ 3.5ರಷ್ಟಿರುವ ಸಾವಯವ ರಾಳವನ್ನು 3 ಮೈಕ್ರಾನ್ ದಪ್ಪಕ್ಕೆ ಬಳಿದರೆ ಧಾರಕತೆ 20 ಪಟ್ಟು ತಗ್ಗುತ್ತದೆ. ಮೇಲಿನ ಉದಾಹರಣೆಯಲ್ಲಿ 5 ಇದ್ದ ಅಡಚಣೆ ಕಾಲು ಫೆಮ್ಟೊಕೂಲಂಗೆ ಇಳಿಯುತ್ತದೆ.

ಎರಡನೆಯ ಉಪಾಯ: ಅಡ್ಡಗೋಡೆ

ಎರಡು ತಂತಿಗಳ ನಡುವೆ ಸ್ಥಿರ ವೋಲ್ಟೇಜಿನಲ್ಲಿರುವ ಮೂರನೆಯ ತಂತಿಯನ್ನೋ ಪಾರದರ್ಶಕ ವಾಹಕ ಪದರವನ್ನೋ ಇಟ್ಟರೆ, ಚಿತ್ರತಂತಿಯ ವಿದ್ಯುತ್ ಕ್ಷೇತ್ರ ಅಲ್ಲಿಯೇ ಕೊನೆಗೊಳ್ಳುತ್ತದೆ. ಇದೇ ಕವಚ, ಅಂದರೆ ಶೀಲ್ಡ್. ಇಂಡಿಯಂ-ತವರ ಆಕ್ಸೈಡಿನ ಪದರವನ್ನು ಇದಕ್ಕೆ ಬಳಸಬಹುದು. ಅದು ಬೆಳಕನ್ನು ಬಹುಪಾಲು ಹಾಯಲು ಬಿಡುತ್ತದೆ.

ಒಂದು ಎಚ್ಚರ ಅಗತ್ಯ. ಕವಚವನ್ನು ಸ್ಥಿರ ವೋಲ್ಟೇಜಿಗೆ ಗಟ್ಟಿಯಾಗಿ ಜೋಡಿಸಿರಬೇಕು. ಎಲ್ಲಿಗೂ ಜೋಡಿಸದೆ ಬಿಟ್ಟ ಕವಚ ತಾನೇ ಏರಿಳಿದು ಅಡಚಣೆಯನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಸಾಗಿಸುವ ಸೇತುವೆಯಾಗುತ್ತದೆ. ಉದ್ದನೆಯ ಕವಚವನ್ನು ಒಂದೇ ತುದಿಯಲ್ಲಿ ಜೋಡಿಸಿದರೆ ದೂರದ ತುದಿಯಲ್ಲಿ ಅದರ ಹಿಡಿತ ಸಡಿಲವಾಗುತ್ತದೆ.

ಮೂರನೆಯ ಉಪಾಯ: ಸಮಯ

ಏರಿದ ತಂತಿ ಮತ್ತೆ ಮೊದಲಿನ ಮಟ್ಟಕ್ಕೆ ಇಳಿದರೆ, ಅದು ತಳ್ಳಿದ ಆವೇಶವೂ ಹಿಂದಿರುಗುತ್ತದೆ. ಆದ್ದರಿಂದ ಯಾವ ಕ್ಷಣದಲ್ಲಿ ಅಳೆಯಲಾಗುತ್ತದೆ ಎಂಬುದು ನಿರ್ಣಾಯಕ.

ಒಂದು ಚಿತ್ರಕ್ಕೆ ಸಿಗುವ 16.7 ಮಿಲಿಸೆಕೆಂಡಿನಲ್ಲಿ ಎಲ್ಲ ಸಾಲುಗಳನ್ನೂ ಬೇಗ ಬರೆದು ಮುಗಿಸಿ, ಉಳಿದ ಕೆಲವು ಮಿಲಿಸೆಕೆಂಡು ಚಿತ್ರತಂತಿಗಳನ್ನೆಲ್ಲ ಒಂದೇ ವೋಲ್ಟೇಜಿನಲ್ಲಿ ನಿಲ್ಲಿಸಿ, ಆ ವಿರಾಮದಲ್ಲಿ ಸಂವೇದಕಗಳನ್ನು ಓದಬಹುದು. ಅಷ್ಟು ಬಿಡುವಿಲ್ಲದಿದ್ದರೆ ಪ್ರತಿ ಸಾಲಿನ ಕೊನೆಗೆ, ವೋಲ್ಟೇಜ್ ನೆಲೆಗೊಂಡ ಬಳಿಕ, ಮುಂದಿನ ಸಾಲಿನ ಜಿಗಿತಕ್ಕೆ ಮುನ್ನ ಓದುವ ಕ್ರಮವಿದೆ. ಬೆರಳ ಸ್ಪರ್ಶವನ್ನು ಪರದೆಯೊಳಗೇ ಗ್ರಹಿಸುವ ಫೋನ್‌ಗಳಲ್ಲಿಯೂ ಇದೇ ಸರದಿ ಪದ್ಧತಿ ರೂಢಿಯಲ್ಲಿದೆ.

ನಾಲ್ಕನೆಯ ಉಪಾಯ: ಕಳೆಯುವಿಕೆ

ಬೆಲ್ ಅವರ ಸೂತ್ರ ಇಲ್ಲಿ ಮೂರು ರೂಪಗಳಲ್ಲಿ ಕಾಣಿಸಿಕೊಳ್ಳುತ್ತದೆ.

ಒಂದು, ಕುರುಡು ಸಂವೇದಕ. ನಿಜವಾದ ಸಂವೇದಕದ ಪಕ್ಕದಲ್ಲಿ ಲೋಹದ ಮುಸುಕು ಹಾಕಿದ ಇನ್ನೊಂದನ್ನು ಇಡಲಾಗುತ್ತದೆ. ಅದಕ್ಕೆ ಬೆಳಕು ತಾಗದು, ಅಡಚಣೆ ಮಾತ್ರ ತಾಗುತ್ತದೆ. ಎರಡರ ವ್ಯತ್ಯಾಸವೇ ಬೆಳಕು. ಬಿಸಿ ಏರಿದಾಗ ಸಂವೇದಕದಲ್ಲಿ ಬೆಳಕಿಲ್ಲದೆಯೂ ಸೋರುವ ಪ್ರವಾಹವನ್ನು ಸರಿದೂಗಿಸಲೂ ಇದು ಒದಗುತ್ತದೆ.

ಎರಡು, ಜೋಡಿ ಅಳತೆ. ಅಳತೆಯ ಆರಂಭದಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ಓದಿ, ಮೊದಲನೆಯದನ್ನು ಎರಡನೆಯದರಿಂದ ಕಳೆಯುವುದು. ಎರಡೂ ಓದುಗಳಲ್ಲಿ ಸಮಾನವಾಗಿರುವ ದೋಷ ಅಳಿದುಹೋಗುತ್ತದೆ. ಆಸ್ಪತ್ರೆಗಳ ಡಿಜಿಟಲ್ ಎಕ್ಸ್-ರೇ ಫಲಕಗಳಲ್ಲಿಯೂ ಗಾಜಿನ ಮೇಲೆ ಹರಡಿದ ಟ್ರಾನ್ಸಿಸ್ಟರು ಮತ್ತು ಬೆಳಕಿನ ಡಯೋಡುಗಳ ಇಂಥದೇ ಜಾಲವಿದ್ದು, ಈ ವಿಧಾನ ಅಲ್ಲಿಯೂ ಬಳಕೆಯಲ್ಲಿದೆ.

ಮೂರು, ವಿರುದ್ಧ ದಿಕ್ಕಿನ ಜಿಗಿತ. ಎಲ್‌ಸಿಡಿಯಲ್ಲಿ ದ್ರವಸ್ಫಟಿಕ ಕೆಡದಿರಲು ವೋಲ್ಟೇಜಿನ ಧನ-ಋಣಗಳನ್ನು ಆಗಾಗ ಅದಲುಬದಲು ಮಾಡಲೇಬೇಕು. ಅಕ್ಕಪಕ್ಕದ ಎರಡು ಚಿತ್ರತಂತಿಗಳು ವಿರುದ್ಧ ದಿಕ್ಕಿಗೆ ಜಿಗಿಯುವಂತೆ ಮಾಡಿ, ಅಳತೆಯ ತಂತಿಯನ್ನು ಅವೆರಡರ ನಟ್ಟನಡುವೆ ಹಾಯಿಸಿದರೆ ಒಂದರ ತಳ್ಳುವಿಕೆಯನ್ನು ಇನ್ನೊಂದರ ಸೆಳೆತ ಬಹುಮಟ್ಟಿಗೆ ಸರಿಗಟ್ಟುತ್ತದೆ. ಎರಡೂ ಚುಕ್ಕಿಗಳ ಬಣ್ಣ ಒಂದೇ ತೆರನಾಗಿದ್ದಾಗ ಮಾತ್ರ ಈ ಸಮತೋಲನ ಪೂರ್ಣ.

ಇವುಗಳ ಜೊತೆಗೆ ಸಂಕೇತವನ್ನು ಹುಟ್ಟಿದ ಸ್ಥಳದಲ್ಲೇ ಬಲಪಡಿಸುವ ಮಾರ್ಗವಿದೆ. ಸಂವೇದಕದ ಬದಿಯಲ್ಲೇ ಪುಟ್ಟ ವರ್ಧಕ ಟ್ರಾನ್ಸಿಸ್ಟರ್ ಇಟ್ಟರೆ, ಉದ್ದನೆಯ ದಾರಿಯಲ್ಲಿ ಎದುರಾಗುವ ಅಡಚಣೆಯನ್ನು ಸಂಕೇತ ತಾಳಿಕೊಳ್ಳುತ್ತದೆ. ತಂತಿಯ ತುದಿಯಲ್ಲಿ ಆವೇಶ ಸಂಗ್ರಹಿಸುವ ವರ್ಧಕವಿದ್ದರೆ ಅದು ತಂತಿಯ ವೋಲ್ಟೇಜನ್ನು ಅಲುಗದಂತೆ ಹಿಡಿದಿಡುತ್ತದೆ.

ಹಲವು ಬಾರಿ ಓದಿ ಸರಾಸರಿ ತೆಗೆದರೆ ಸಾಲದೇ ಎಂಬ ಪ್ರಶ್ನೆ ಏಳಬಹುದು. ಗೊತ್ತುಗುರಿಯಿಲ್ಲದ ಗದ್ದಲಕ್ಕೆ ಅದು ಮದ್ದು. 16 ಬಾರಿ ಓದಿದರೆ ಅಂತಹ ಗದ್ದಲ ಕಾಲು ಭಾಗಕ್ಕೆ ಇಳಿಯುತ್ತದೆ. ಆದರೆ ಚಿತ್ರದ ಜೊತೆಗೇ ಪ್ರತಿ ಬಾರಿಯೂ ಒಂದೇ ತೆರನಾಗಿ ಬರುವ ಅಡಚಣೆ ಸರಾಸರಿಯಲ್ಲಿಯೂ ಹಾಗೆಯೇ ಉಳಿಯುತ್ತದೆ. ತಂತಿಜಾಲದ ವಿನ್ಯಾಸದಲ್ಲಿ ಆದ ತಪ್ಪನ್ನು ಸಾಫ್ಟ್‌ವೇರ್ ಪೂರ್ತಿಯಾಗಿ ತಿದ್ದಲಾರದು ಎನ್ನುವುದು ಇದೇ ಕಾರಣಕ್ಕೆ.

ಪ್ರತಿ ಉಪಾಯಕ್ಕೂ ಬೆಲೆಯುಂಟು

ಅಂತರ ಹೆಚ್ಚಿಸಿದರೆ ಬೆಳಕು ಹೊರಬರುವ ಕಿಂಡಿ ಕಿರಿದಾಗಿ, ಅದೇ ಹೊಳಪಿಗೆ ಹೆಚ್ಚು ವಿದ್ಯುತ್ ಬೇಕಾಗುತ್ತದೆ. ಬ್ಯಾಟರಿ ಬೇಗ ಬರಿದಾಗುತ್ತದೆ. ಕವಚ ಹಾಕಿದರೆ ಚಿತ್ರತಂತಿಯ ಹೊರೆ ಹೆಚ್ಚಿ ಅದು ನಿಗದಿತ ಮೈಕ್ರೊಸೆಕೆಂಡುಗಳಲ್ಲಿ ಗುರಿ ಮುಟ್ಟದೆ ಹೋಗಬಹುದು. ತಯಾರಿಕೆಯಲ್ಲಿ ಒಂದು ಹಂತವೂ ಹೆಚ್ಚುತ್ತದೆ. ವಿರಾಮ ಕೊಟ್ಟರೆ ಬರೆಯುವ ಕಾಲ ಕಡಿಮೆಯಾಗುತ್ತದೆ. ಕುರುಡು ಸಂವೇದಕಗಳು ಕಣ್ಣುಳ್ಳವುಗಳ ಜಾಗವನ್ನು ಕಬಳಿಸುತ್ತವೆ.

ಪರದೆಯ ಕೆಳಗೆ ಪ್ರತ್ಯೇಕ ಚಿಪ್ ಇಡುವ ವಿಧಾನ ಮೊಬೈಲ್‌ಗಳಲ್ಲಿ ಬೇಗ ಹರಡಲು ಈ ಲೆಕ್ಕಾಚಾರವೂ ನೆರವಾಯಿತು. ಅಲ್ಲಿ ಸಂವೇದಕದ ತಂತಿಗಳು ಬೇರೆಯದೇ ಚಿಪ್‌ನಲ್ಲಿರುವುದರಿಂದ ಚಿತ್ರತಂತಿಗಳಿಂದ ಸಹಜವಾಗಿಯೇ ದೂರವಿರುತ್ತವೆ. ಆದರೆ ಆ ಚಿಪ್ ಕೂರುವ ಒಂದು ಸಣ್ಣ ಜಾಗದಲ್ಲಿ ಮಾತ್ರ ಬೆರಳನ್ನು ಓದಬಲ್ಲದು. ಪರದೆಯ ಯಾವ ಮೂಲೆಯಲ್ಲಿ ಬೆರಳಿಟ್ಟರೂ ಓದಬೇಕಾದರೆ ಸಂವೇದಕ ಪರದೆಯೊಳಗೇ ಬರಬೇಕು. ಆಗ ತಂತಿಗಳ ಹಳೆಯ ತಂಟೆಯೂ ಜೊತೆಗೆ ಬರುತ್ತದೆ.

ಬಳಕೆದಾರ ಗಮನಿಸಬೇಕಾದದ್ದು

ಅಂಚಿನ ಸಂವೇದಕಕ್ಕೆ ಮನೆಯ ದೀಪವೂ ಅಡಚಣೆಯೇ. ನಮ್ಮ ವಿದ್ಯುತ್ ಸೆಕೆಂಡಿಗೆ 50 ಆವರ್ತನದ್ದಾದ್ದರಿಂದ ಹಲವು ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. 100 ಮಿಲಿಸೆಕೆಂಡು ಬೆಳಕು ಕೂಡಿಹಾಕುವ ಸಂವೇದಕ ಹತ್ತು ಪೂರ್ಣ ಮಿನುಗುಗಳನ್ನು ಒಟ್ಟಿಗೆ ಅಳೆಯುವುದರಿಂದ ಈ ಏರಿಳಿತ ಅದಕ್ಕೆ ತಾಗದು. 60 ಆವರ್ತನದ ದೇಶಗಳಲ್ಲಿಯೂ ಇದೇ ಅವಧಿ ಸರಿಹೊಂದುತ್ತದೆ.

ಚಾರ್ಜರ್ ಇನ್ನೊಂದು ಮೂಲ. ಕಳಪೆ ಚಾರ್ಜರಿನ ಗದ್ದಲ ಫೋನಿನ ಒಳಗಿನ ಸ್ಥಿರ ವೋಲ್ಟೇಜನ್ನೇ ಅಲುಗಾಡಿಸುತ್ತದೆ. ಚಾರ್ಜ್ ಆಗುತ್ತಿರುವಾಗ ಮಾತ್ರ ಪರದೆ ತಪ್ಪು ತಪ್ಪಾಗಿ ಸ್ಪಂದಿಸಿದರೆ, ಚಾರ್ಜರ್ ಕಳಚಿ ಮತ್ತೆ ಬೆರಳಿಟ್ಟು ನೋಡುವುದು ಲೇಸು. ಮೊಬೈಲಿನ ಎರಡು ಪಿನ್ನಿನ ಚಾರ್ಜರಿಗೆ ಮನೆಯ ಅರ್ಥಿಂಗ್ ಸಂಪರ್ಕ ಇರುವುದಿಲ್ಲ. ಮೂರು ಪಿನ್ನಿನ ಕಂಪ್ಯೂಟರ್ ಮತ್ತು ಆಸ್ಪತ್ರೆಯ ಮಾನಿಟರುಗಳಿಗೆ ಮಾತ್ರ ಅರ್ಥಿಂಗ್ ಮುಖ್ಯ. ಕರಾವಳಿಯ ಮುರಕಲ್ಲಿನ ನೆಲ ಬೇಸಗೆಯಲ್ಲಿ ಒಣಗಿದಾಗ ಭೂಸಂಪರ್ಕದ ರೋಧ ಏರುವುದರಿಂದ ಅರ್ಥ್ ಗುಂಡಿಗೆ ನೀರು ಹಾಕುವ ರೂಢಿಯನ್ನು ಕೈಬಿಡಬಾರದು.

ಸವೆದ ಬೆರಳಿನವರು ಒಂದೇ ಬೆರಳನ್ನು ಎರಡು ಬಾರಿ, ಬೇರೆ ಬೇರೆ ಕೋನದಿಂದ ನೋಂದಾಯಿಸುವುದು ಉಪಯುಕ್ತ. ಹೆಚ್ಚು ಕೆಲಸ ಮಾಡದ ಕೈಯ ಬೆರಳನ್ನೂ ಸೇರಿಸಬಹುದು. ಪರದೆಯನ್ನೂ ಬೆರಳನ್ನೂ ಒರೆಸಿ ಒಣಗಿಸಿಕೊಂಡರೆ ಸಂಕೇತ ಬಲಗೊಳ್ಳುತ್ತದೆ. ಇಷ್ಟಾದರೂ ಓದದಿದ್ದರೆ ಪಿನ್ ಸಂಖ್ಯೆಯ ದಾರಿ ಇದ್ದೇ ಇದೆ. ಅದನ್ನು ಮರೆಯದಿರುವುದು ಒಳಿತು.

ಹೊಸ ಫೋನ್ ಕೊಳ್ಳುವಾಗ ಚುಕ್ಕಿಗಳ ಸಂಖ್ಯೆ, ಹೊಳಪು, ವೇಗಗಳ ಬಗ್ಗೆ ಅಂಗಡಿಯವರು ವಿವರವಾಗಿ ಹೇಳುತ್ತಾರೆ. ಒಳಗಿನ ತಂತಿಗಳು ಒಂದಕ್ಕೊಂದು ಎಷ್ಟು ತೊಂದರೆ ಕೊಡುತ್ತವೆ ಎಂಬ ಅಂಕಿ ಪೆಟ್ಟಿಗೆಯ ಮೇಲೆ ಅಚ್ಚಾಗಿರುವುದಿಲ್ಲ. ದಿನದ ದುಡಿಮೆ ಮುಗಿಸಿದ ಬೆರಳನ್ನು ಅಂಗಡಿಯಲ್ಲಿಯೇ ಹತ್ತು ಬಾರಿ ಇಟ್ಟು ನೋಡುವುದೇ ಸದ್ಯಕ್ಕೆ ಕೊಳ್ಳುವವನ ಕೈಯಲ್ಲಿರುವ ಪರೀಕ್ಷೆ.